ಕೊಳಕೂರಿನ ಜೋಡಿ

ಮಲ್ಲವಿದ್ಯೆಗೂ ದಾಂಪತ್ಯಕ್ಕೂ ಏನು ನಂಟು ಎಂದು ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ, ಎರಡರಲ್ಲಿಯೂ ಪೆಟ್ಟು ತಿಂದವನು ಅದನ್ನು ಹೊರಗೆ ಹೇಳಿಕೊಳ್ಳುವುದಿಲ್ಲವೆಂಬ ಒಂದೇ ಸಾಮ್ಯವನ್ನು ತೋರಿಸಿ ಸುಮ್ಮನಾಗುತ್ತಿದ್ದೆನು. ಕೊಳಕೂರಿಗೆ ಹೋಗಿ ಬಂದ ಮೇಲೆ ಆ ಉತ್ತರ ಸಾಲದೆಂದು ತೋರುತ್ತಿದೆ. ವಾಚಕ ಮಹಾಶಯರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬಸ್ಸು ಹತ್ತಬೇಕು.

ಕಲಬುರ್ಗಿಯಿಂದ ಜೇವರ್ಗಿಗೆ ಸುಮಾರು ೪೦ ಕಿಲೋಮೀಟರು. ನಡುವೆ ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಬೇಕು. ಇಕ್ಕೆಲದಲ್ಲಿಯೂ ಕಣ್ಣು ಸೋಲುವಷ್ಟು ದೂರ ಎರೆಯ ನೆಲ. ಬಿಳಿಜೋಳ, ತೊಗರಿ, ಹತ್ತಿ. ಈ ಭೀಮಾನದಿಯು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ಈ ಸೀಮೆಯನ್ನು ಬಳಸಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವುದು. ತ್ರಿಪುರಾಸುರನೊಡನೆ ಹೋರಾಡಿದ ಶಿವನ ಮೈಯಿಂದ ಇಳಿದ ಬೆವರೇ ಈ ಹೊಳೆಯಾಯಿತೆಂಬುದು ಸ್ಥಳಪುರಾಣ. ಬೆವರಿನಿಂದ ಹುಟ್ಟಿದ ನದಿಯ ನೀರು ಕುಡಿದು ಬೆಳೆದ ಜನರಿಗೆ ಕುಸ್ತಿಯ ಹುಚ್ಚು ಹಿಡಿಯದೆ ಇನ್ನೇನು ಹಿಡಿದೀತು?

ಕೊಳಕೂರು ಜೇವರ್ಗಿ ತಾಲೂಕಿನ ಒಂದು ಗ್ರಾಮ. ನಾನು ಅಲ್ಲಿಗೆ ಹೊರಟಿರುವೆನೆಂದಾಗ ನಗರದ ಒಬ್ಬ ಮಿತ್ರರು ಊರಿನ ಹೆಸರಿನಲ್ಲಿ ಕೊಳಕನ್ನು ಹುಡುಕಿ ನಕ್ಕರು. ಅದೇ ಹೆಸರಿನಲ್ಲಿ ಕೊಳವೂ ಇದೆಯಲ್ಲ, ಹಾಗೆ ನಕ್ಕವರು ಬಾಯಿ ತೊಳೆದುಕೊಳ್ಳುವುದಕ್ಕೆ ಅನುಕೂಲ ಎಂದು ನಾನು ಹೇಳಿದೆನು. ಕೊಳವನ್ನು ಕಾಣುವುದೋ ಕೊಳಕನ್ನು ಕಾಣುವುದೋ ನೋಡುವವನ ಕಣ್ಣಿಗೆ ಬಿಟ್ಟದ್ದು. ಮುಂದೆ ಬರುವ ಕೆಲವು ಮಾತುಗಳಿಗೂ ಇದೇ ನ್ಯಾಯವನ್ನು ಅನ್ವಯಿಸಬೇಕೆಂದು ವಾಚಕರಲ್ಲಿ ವಿಜ್ಞಾಪನೆ.

ನಾನು ಇಳಿದುಕೊಂಡ ಮನೆ ಪೈಲ್ವಾನರ ಮನೆ. ಹಳೆಯ ಕಾಲದ ಮಣ್ಣಿನ ಮಾಳಿಗೆ; ದಪ್ಪನೆಯ ಗೋಡೆ; ಒಳಗೆ ಬೇಸಗೆಯಲ್ಲಿಯೂ ತಂಪು. ಮನೆಯ ಹಿರಿಯರಾದ ಮುತ್ಯಾ ತಮ್ಮ ಕಾಲದಲ್ಲಿ ಹೆಸರಾದ ಜಟ್ಟಿ. ಈಗ ಕಿವಿ ಮಂದ, ಮಾತು ಅದಕ್ಕಿಂತಲೂ ಮಂದ. ಅವರಿಬ್ಬರ ಪಾಲಿನ ಮಾತನ್ನೂ ಆಯಿಯೇ ಆಡಿ ಮುಗಿಸುವರು. ಅವರ ಮೊಮ್ಮಗನಿಗೆ ಇಪ್ಪತ್ತಾರು ವರ್ಷ; ಅವನೂ ಪೈಲ್ವಾನ. ಎಂಟು ದಿನಗಳ ಹಿಂದಷ್ಟೇ ಅವನಿಗೆ ಮದುವೆಯಾಗಿತ್ತು. ವಧುವಿಗೆ ಇಪ್ಪತ್ತೈದು, ಶಾಲೆಯಲ್ಲಿ ಶಿಕ್ಷಕಿ. ಮರುದಿನ ಊರಿನ ಜಾತ್ರೆಯ ಕುಸ್ತಿ. ಕಡೆಯ ಜೋಡಿಯಲ್ಲಿ ಬೆಳ್ಳಿಯ ಖಡೆಗಾಗಿ ಈ ಹುಡುಗನೇ ಇಳಿಯಬೇಕಾಗಿತ್ತು.

ಇಲ್ಲಿಯೇ ತೊಡಕು. ಲಂಗೋಟಿ ಕಟ್ಟಿದವನು ಬ್ರಹ್ಮಚಾರಿಯಾಗಿರಬೇಕೆಂಬುದು ಗರಡಿಮನೆಯ ಹಳೆಯ ಶಾಸನ. ಹಾಲು, ತುಪ್ಪ, ಬದಾಮಿಗಳಿಂದ ಕೂಡಿಸಿದ ಕಸುವು ಬೇರೆ ಯಾವ ದಾರಿಯಿಂದಲೂ ಸೋರಿಹೋಗಬಾರದೆಂಬುದು ಉಸ್ತಾದರ ಅರ್ಥಶಾಸ್ತ್ರ. ಹೀಗಾಗಿ ಅಕ್ಕಿಕಾಳು ಬಿದ್ದ ರಾತ್ರಿಯಿಂದಲೇ ಉಸ್ತಾದರು ವರನನ್ನು ಗರಡಿಮನೆಯಲ್ಲಿ ಮಲಗಿಸಿಕೊಂಡಿದ್ದರು. ಹೊಸ ಹಾಸಿಗೆ ಮನೆಯಲ್ಲಿ ಸುತ್ತಿದಂತೆಯೇ ಇತ್ತು. ವರನು ಕೆಮ್ಮಣ್ಣಿನ ಮೇಲೆ, ತನ್ನಂಥ ನಾಲ್ವರು ಗೊರಕೆಯ ಮಲ್ಲರ ನಡುವೆ, ನೂರೊಂದು ಪಟ್ಟುಗಳನ್ನು ಮೆಲುಕು ಹಾಕುತ್ತ ಮಲಗಿದ್ದನು.

ಜಾತ್ರೆಯ ಮಧ್ಯಾಹ್ನ ಅಖಾಡದ ಸುತ್ತ ಜನ ಕಿಕ್ಕಿರಿಯಿತು. ಮೊದಲು ಚಿಕ್ಕ ಹುಡುಗರ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಬಳಿಕ ಹಣದ ಕುಸ್ತಿಗಳು. ಹೊತ್ತು ಇಳಿಯುವಾಗ ಖಡೆಯದು. ನನಗೆ ಜನಸಂದಣಿಯೆಂದರೆ ಅಂಜಿಕೆಯಾದುದರಿಂದ ಮನೆಯಲ್ಲಿಯೇ ಉಳಿದಿದ್ದೆನು. ಮಾಳಿಗೆಯ ಮೇಲಿನಿಂದ ಅಖಾಡವು ಅಂಗೈಯಂತೆ ಕಾಣುತ್ತಿತ್ತು. ಧ್ವನಿವರ್ಧಕವಂತೂ ಮನೆಯ ಕಡೆಗೇ ಬಾಯಿ ತೆರೆದಿತ್ತು.

ಮೂರು ಗಂಟೆಯ ಸುಮಾರಿಗೆ, ಆಯಿಯ ಹಟಕ್ಕೆ ಸೋತ ಉಸ್ತಾದರು ವರನನ್ನು ಅರ್ಧ ಗಂಟೆಯ ಮಟ್ಟಿಗೆ ಮನೆಗೆ ಕಳುಹಿಸಿದರು. ಪಡಸಾಲೆಯಲ್ಲಿ ಎರಡು ಮಣೆ ಹಾಕಿ ವಧೂವರರನ್ನು ಆರತಿಗೆ ಕೂಡಿಸಿದರು. ಎಂಟು ದಿನಗಳಲ್ಲಿ ಅವರು ಹತ್ತಿರ ಕುಳಿತದ್ದು ಅದೇ ಮೊದಲು. ಇಬ್ಬರೂ ನೆಲವನ್ನು ನೋಡುತ್ತ ಕುಳಿತರು. ಅಷ್ಟರಲ್ಲಿ ಹೊರಗಿನ ಧ್ವನಿವರ್ಧಕವು ಗರ್ಜಿಸಿತು:

“ಹೊಸಾ ಜೋಡಿ! ನಾಚಬ್ಯಾಡ್ರಿ, ಎದುರಾ ಬದುರಾ ಆಗ್ರಿ!”

ಆರತಿಯ ತಟ್ಟೆ ಹಿಡಿದ ಹೆಂಗಸರ ಕೈ ನಡುಗಿತು, ನಗುವಿನಿಂದ.

“ಬರೇ ಮಾರಿ ನೋಡಕೋತ ನಿಂತ್ರ ಕುಸ್ತಿ ಆಗೂದಿಲ್ಲ, ಕೈ ಹಾಕ್ರಿ, ಕೈ!”

ವಧುವು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆರು ಅಡಿಯ ವರನ ಕಿವಿಗಳು ಗರಡಿಯ ಮಣ್ಣಿಗಿಂತ ಕೆಂಪಾದವು. ಹೊರಗಿನವನಿಗೆ ಇದಾವುದರ ಅರಿವೂ ಇಲ್ಲ. ಅವನು ತನ್ನ ಕರ್ತವ್ಯವನ್ನು ಮಾಡುತ್ತಿದ್ದನು.

“ಮ್ಯಾಲ ಬಿದ್ದ್ರ ಗೆದ್ದಂಗಲ್ಲ! ಟೈಮು ಐದೇ ನಿಮಿಷ ಉಳದಾವ! ಹುರುಪು ತೋರಸ್ರಿ!”

“ಆ ಮೈಕಿನಾಂವ್ಗ ಯಾರರೆ ಒಂದು ತಂಬಗಿ ನೀರು ಕೊಡ್ರೇ, ಬಾಯಿ ಮುಚ್ಚಲಿ” ಎಂದು ವರನ ಚಿಕ್ಕಮ್ಮನು ಕೂಗಿದಳು. ಪಡಸಾಲೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗುವಿನ ಅಬ್ಬರ ಇಳಿದ ಮೇಲೆ, ಗಂಡನ ಹೆಸರನ್ನು ಒಡಪಿನಲ್ಲಿ ಹೇಳಬೇಕೆಂದು ಹೆಂಗಸರು ವಧುವನ್ನು ಗಂಟು ಬಿದ್ದರು. ಶಿಕ್ಷಕಿಯಲ್ಲವೆ! ಸೆರಗು ಸರಿಪಡಿಸಿಕೊಂಡು, ಪಾಠ ಒಪ್ಪಿಸುವವಳಂತೆ ಹೇಳಿದಳು:

“ಗರಡಿ ಮನ್ಯಾಗ ಪಟ್ಟು ಕಲತಾರ ನೂರಾ ಒಂದ,
ನಮ್ಮ ಮನಿ ಹೊಸ್ತಿಲದಾಗ ಮರತಾರ ಒಂದೊಂದ”

ಎಂದು ಕೊನೆಗೆ ಹೆಸರನ್ನು ಸೇರಿಸಿದಳು. ಅಂದಿನ ಮೊದಲ ಕುಸ್ತಿ ಅಲ್ಲಿಯೇ ತೀರ್ಮಾನವಾಯಿತು. ಪೈಲ್ವಾನನು ಚಿತ್ತಾಗಿ, ಆದರೆ ಮುಗುಳುನಗುತ್ತ, ಅಖಾಡದ ಕಡೆಗೆ ಹೊರಟನು.

ಇಂಥ ವಿನೋದವನ್ನು ಕೇಳಿ ಮೂಗು ಮುರಿಯುವವರು ತಮ್ಮ ನೆಲದ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಲೇಸು. ಈ ಸೀಮೆಯನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿ, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯ. ರಾಜ್ಯಭಾರದಿಂದ ಅಡಿಗೆಯವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ನಾಲ್ಕನೆಯ ವಿಂಶತಿಯಲ್ಲಿ ಮಲ್ಲವಿನೋದ ಬರುವುದು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಬಲಕ್ಕೆ ತಕ್ಕಂತೆ ದೊರೆ ವಿಂಗಡಿಸಿದ್ದಾನೆ. ಐದನೆಯ ವಿಂಶತಿ ಪೂರ್ತಿಯಾಗಿ ಕ್ರೀಡೆಗಳಿಗೆ ಮೀಸಲು. ಜೋಕಾಲಿಯಾಟ, ನೀರಾಟ, ಬೆಳದಿಂಗಳಾಟ, ಒಗಟು, ಚದುರಂಗ, ಪಗಡೆ, ಕತ್ತಲೆಯಾಟ ಎಂದು ಎಣಿಸುತ್ತ ಹೋದ ಅರಸನು ಅದೇ ಗಂಭೀರ ಮುದ್ರೆಯಿಂದ ಪ್ರೇಮಕ್ರೀಡೆಯನ್ನೂ ರತಿಕ್ರೀಡೆಯನ್ನೂ ಅದೇ ಪಟ್ಟಿಗೆ ಸೇರಿಸಿ ಗ್ರಂಥವನ್ನು ಮುಗಿಸಿದ್ದಾನೆ. ಮಲ್ಲರ ಹೋರಾಟವನ್ನಾದರೆ ದೊರೆಯಾದವನು ಸಿಂಹಾಸನದ ಮೇಲೆ ಕುಳಿತು ನೋಡಬಹುದು. ಈ ಕೊನೆಯ ಕ್ರೀಡೆಗಳನ್ನು ತಾನೇ ಆಡಬೇಕು, ಪರಿವಾರವನ್ನು ಕಳುಹಿಸಿ ಆಡಿಸಲಾಗದು. ಎರಡನ್ನೂ ಬೇರೆ ಬೇರೆ ವಿಂಶತಿಗಳಲ್ಲಿಟ್ಟ ಅರಸನ ವಿವೇಕಕ್ಕೆ ನಾನು ತಲೆದೂಗುವೆನು.

ದೇವರೂ ಈ ಆಟಗಳಿಂದ ಹೊರತಲ್ಲ. ಶಿವಪಾರ್ವತಿಯರು ಪಗಡೆಯಾಡುವ ಶಿಲ್ಪವನ್ನು ಎಲ್ಲೋರದ ಗುಹೆಗಳಲ್ಲಿ ಕಾಣಬಹುದು. ಆಟದಲ್ಲಿ ಶಿವನು ಒಂದೊಂದಾಗಿ ಒಡವೆಗಳನ್ನೆಲ್ಲ ಸೋತು, ಕೊನೆಗೆ ಕೌಪೀನವನ್ನೂ ಕಳೆದುಕೊಂಡು, ಮುನಿಸಿನಿಂದ ಕಾಡು ಸೇರಿದನೆಂದೂ, ಪಾರ್ವತಿಯು ಶಬರಿಯ ವೇಷದಿಂದ ಹೋಗಿ ಒಲಿಸಿಕೊಂಡು ಬಂದಳೆಂದೂ ಸ್ಕಾಂದಪುರಾಣ ಹೇಳುವುದು. ಲಂಗೋಟಿಯ ಮಹಿಮೆಯನ್ನು ಹೊಗಳುವ ಉಸ್ತಾದರು ಈ ಕಥೆಯನ್ನು ಶಿಷ್ಯರಿಗೆ ಹೇಳುವುದಿಲ್ಲವೆಂದು ತೋರುವುದು.

ಹೊತ್ತು ಇಳಿಯತೊಡಗಿದಾಗ ನಾವೆಲ್ಲರೂ ಮಾಳಿಗೆ ಹತ್ತಿದೆವು. ಮುತ್ಯಾ ಹಗ್ಗದ ಮಂಚದ ಮೇಲೆ ಕುಳಿತರು. ಕೆಳಗೆ ಆಯಿ, ಅವರ ಮಗ್ಗುಲಲ್ಲಿ ವಧು. ನಗುವಿನ ಹೊತ್ತು ಕಳೆದುಹೋಗಿತ್ತು. ವಧುವಿನ ಮುಖ ಬಿಳುಪೇರಿದ್ದುದನ್ನು ಕಂಡು, ಗಂಡನಿಗೆ ಪೆಟ್ಟಾದೀತೆಂಬ ಭಯವೇ ಎಂದು ನಾನು ಕೇಳಿದೆನು.

“ಪೆಟ್ಟಿನ ಅಂಜಿಕಿ ಅಲ್ರಿ” ಎಂದಳು, ಕೆಳದನಿಯಲ್ಲಿ. “ಇವತ್ತ ಅವರು ಸೋತರ ಊರಾಗ ಯಾರ ಹೆಸರು ಬರತದ?”

ನಾನು ಉತ್ತರಿಸಲಾರದೆ ಹೋದೆನು. ಆಯಿಯೇ ಬಾಯಿ ತೆರೆದರು.

“ತಮ್ಮಾ, ನನ್ನ ಮದವಿ ಆಗಿ ಎಂಟು ದಿನಕ್ಕ ಜಾತ್ರಿ ಬಂತು. ಇಂವಾ”—ಎಂದು ಮುತ್ಯಾನ ಮೊಣಕಾಲನ್ನು ತಟ್ಟಿದರು—“ಎಣಸೂದ್ರಾಗ ಚಿತ್ ಆದಾ. ಮಂದಿ ಏನಂದರು? ಹೊಸಾ ಹೆಣ್ತಿ ಕಸುವು ತಿಂದಳು ಅಂದರು. ತಿನ್ನಲಾಕ ಕಸುವು ಏನು ರೊಟ್ಟಿ ಐತೇನೊ ಯಪ್ಪಾ? ಇವನ ಮಾರಿ ಸುದ್ದಾ ನಾ ನೆಟ್ಟಗ ನೋಡಿರಲಿಲ್ಲ. ಉಸ್ತಾದ ಇವನ್ನ ಗರಡ್ಯಾಗ ಇಟಗೊಂಡಿದ್ದಾ.”

ಅದು ೧೯೭೧. ಆಯಿಗೆ ಆಗ ಹತ್ತೊಂಬತ್ತು ತುಂಬಿತ್ತು. ಕಾಲ್ಗುಣ ಸರಿಯಿಲ್ಲವೆಂದು ಹಿರಿಯರು ತೀರ್ಮಾನಿಸಿ, ಮುಂದಿನ ಜಾತ್ರೆಯವರೆಗೆ ಅವರನ್ನು ತವರಿಗೆ ಕಳುಹಿಸಿದರು. ತವರು ಭೀಮೆಯ ಆಚೆ ದಡದಲ್ಲಿ. ಮದುವೆಯಾಗಿ ಎಂಟೇ ದಿನಕ್ಕೆ ಮರಳಿದ ಮಗಳನ್ನು ಊರು ಹೇಗೆ ನೋಡುವುದೆಂಬುದನ್ನು ವಾಚಕರು ಬಲ್ಲರು. ಆಯಿ ಅದನ್ನು ವಿವರಿಸಲಿಲ್ಲ. ಬಾವಿಗೆ ಹೋಗುವುದಿದ್ದರೆ ನಸುಕಿನಲ್ಲಿ ಯಾರೂ ಏಳುವ ಮುಂಚೆ ಹೋಗುತ್ತಿದ್ದೆ ಎಂದಷ್ಟೇ ಹೇಳಿದರು.

ಮರುವರ್ಷ ೧೯೭೨ರ ಬರಗಾಲ. ಜೋಳವಿಲ್ಲ, ದನಗಳಿಗೆ ಮೇವಿಲ್ಲ. ಇನ್ನು ಪೈಲ್ವಾನರಿಗೆ ಹಾಲೆಲ್ಲಿ, ಬದಾಮಿಯೆಲ್ಲಿ? ಆದರೂ ಜಾತ್ರೆಯಲ್ಲಿ ಕುಸ್ತಿ ನಡೆಯಿತು. ಹೆಂಡತಿಯ ನೆರಳು ಸೋಕದ ಮುತ್ಯಾ ಎರಡನೆಯ ಸಲವೂ ಸೋತರು. ಈ ಸಲ ದೂರಲಿಕ್ಕೆ ಮನೆಯಲ್ಲಿ ಯಾವ ಹೆಣ್ಣೂ ಇರಲಿಲ್ಲ. ಅದೇ ರಾತ್ರಿ ಅವರು ಯಾರಿಗೂ ಹೇಳದೆ ಹೊರಟು, ಬತ್ತಿದ ಹೊಳೆಯನ್ನು ನಡೆದೇ ದಾಟಿ, ಬೆಳಗಾಗುವಾಗ ಅತ್ತೆಯ ಮನೆಯ ಅಂಗಳದಲ್ಲಿ ನಿಂತರು.

“ಏನಂದಾ ಗೊತ್ತದೇನು?” ಎಂದರು ಆಯಿ. “ಈ ವರ್ಷನೂ ಸೋತೀನಿ, ನಿಂದೇನೂ ತಪ್ಪಿಲ್ಲ, ಬರ್ತಿಯೇನು? ಅಂದಾ. ಬಾ ಅನ್ನಲಿಲ್ಲ, ತಮ್ಮಾ. ಬರ್ತಿಯೇನು ಅಂದಾ.”

ಐವತ್ತು ವರ್ಷಗಳಾಚೆಯ ಆ ಒಂದು ಪ್ರಶ್ನೆಯ ನೆನಪಿಗೆ ಮುದುಕಿಯ ಮುಖ ಅರಳಿದ್ದನ್ನು ನಾನು ಕಂಡೆನು. ಮುಂದಿನ ಜಾತ್ರೆಯಲ್ಲಿ ಮುತ್ಯಾ ಬೆಳ್ಳಿಯ ಖಡೆ ಗೆದ್ದರು. ಗೆದ್ದ ರಾತ್ರಿ ಅದನ್ನು ತಂದು ಹೆಂಡತಿಯ ಮಡಿಲಿಗೆ ಹಾಕಿದರು. ಆ ವರ್ಷದುದ್ದಕ್ಕೂ ಮಲಗಿದ್ದು ಮನೆಯಲ್ಲಿಯೇ ಎಂಬುದನ್ನು ಆಯಿ ಹೇಳಲಿಲ್ಲ. ಆದರೆ ಅವರ ಹಿರಿಯ ಮಗನ ವಯಸ್ಸನ್ನು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆನು.

ಅಷ್ಟರವರೆಗೆ ಕಲ್ಲಿನಂತೆ ಕುಳಿತಿದ್ದ ಮುತ್ಯಾ ಅಖಾಡದ ಕಡೆಗೆ ಬೆರಳು ತೋರಿಸಿದರು. ಮೊಮ್ಮಗನೂ ಸೊಲ್ಲಾಪುರದ ಕಡೆಯ ಎದುರಾಳಿಯೂ ಅಖಾಡಕ್ಕೆ ಇಳಿದಿದ್ದರು. ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, ಒಬ್ಬರಿಗೊಬ್ಬರು ಕೈ ಕೊಟ್ಟರು.

“ಮೊದಲ ಕೈ ಕೊಡಬೇಕು” ಎಂದರು ಮುತ್ಯಾ, ಆ ದಿನದ ತಮ್ಮ ಮೊದಲ ಮಾತಾಗಿ. “ಎದುರಿನವರು ಕೈ ಕೊಟ್ಟ ಮ್ಯಾಲ ಹಿಡಿಯೂದು. ಕೊಡದ ಹಿಡದ್ರ ಅದು ಕುಸ್ತಿ ಅಲ್ಲ.”

“ಮತ್ತೇನು, ಮುತ್ಯಾ?” ಎಂದು ನಾನು ಕಿವಿಯ ಹತ್ತಿರ ಬಾಗಿ ಕೇಳಿದೆನು.

“ಕೀಚಕನ ಕೆಲಸಾ” ಎಂದರು.

ವಿರಾಟಪರ್ವವನ್ನು ನಾನು ಓದಿರಲಿಲ್ಲವೆಂದಲ್ಲ. ಅದರ ವಿನೋದ ಹೊಳೆದದ್ದು ಮಾತ್ರ ಆಗಲೇ. ದ್ರೌಪದಿಯ ಒಪ್ಪಿಗೆಗಾಗಿ ಕಾಯಲಾರದ ಕೀಚಕನು ಗಂಧ ಪೂಸಿಕೊಂಡು, ಹೂ ಮುಡಿದು, ಕತ್ತಲೆಯ ನಾಟ್ಯಶಾಲೆಯೊಳಗೆ ಆಲಿಂಗನಕ್ಕೆಂದು ತೋಳು ಚಾಚುವನು. ಆ ತೋಳಿಗೆ ಸಿಕ್ಕುವವನು ಹೆಣ್ಣುಡಿಗೆಯ ಭೀಮಸೇನ! ಅಪ್ಪುಗೆಯನ್ನು ಅರಸಿ ಹೋದವನಿಗೆ ಮಲ್ಲಯುದ್ಧದ ಅಪ್ಪುಗೆಯೇ ದೊರೆತು ಪ್ರಾಣ ಹೋಯಿತು. ಹಿಡಿತ, ಕತ್ತಲೆ, ಏದುಸಿರು ಎಲ್ಲವೂ ಅವನು ಬಯಸಿದಂತೆಯೇ ಇದ್ದವು. ಇಲ್ಲದಿದ್ದುದು ಎದುರಿನವರ ಕೈ ಮಾತ್ರ.

ಅಖಾಡದಲ್ಲಿ ಕುಸ್ತಿ ಏರುತ್ತಿತ್ತು. ಕತ್ತಿಗೆ ಕೈ, ಸೊಂಟಕ್ಕೆ ಕೈ. ಒಬ್ಬನು ಕಾಲು ಹಾಕಿದರೆ ಇನ್ನೊಬ್ಬನು ಜಾರಿಕೊಳ್ಳುವನು. ಹುಡುಗ ಒಮ್ಮೆ ಕೆಳಗೆ ಬಿದ್ದು, ಮೀನಿನಂತೆ ಹೊರಳಿ, ಬೆನ್ನು ನೆಲಕ್ಕೆ ತಾಗಗೊಡದೆ ಎದ್ದನು. ವಧುವು ಎರಡೂ ಕೈಗಳಿಂದ ಮಾಳಿಗೆಯ ಗೋಡೆಯನ್ನು ಹಿಡಿದಿದ್ದಳು. ಆಗ ಆಯಿ ಮಡಿಲಿನಿಂದ ಒಂದು ಗಂಟನ್ನು ತೆಗೆದು ಬಿಚ್ಚಿದರು. ಕಪ್ಪಿಟ್ಟ ಬೆಳ್ಳಿಯ ಖಡೆ. ವಧುವಿನ ಕೈಯನ್ನು ಗೋಡೆಯಿಂದ ಬಿಡಿಸಿ ಅದರಲ್ಲಿ ಹಾಕಿದರು. ಪೈಲ್ವಾನನ ತೋಳಿನ ಅಳತೆಯ ಖಡೆ ಅವಳ ಮೊಣಕೈವರೆಗೂ ಜಾರಿತು.

“ಗೆದ್ದರ ಅವಂದು, ಸೋತರ ಅವಂದು. ಇದು ನಿಂದು. ಕುಸ್ತಿ ಮುಗಿಯೂಕಿಂತ ಮೊದಲೇ ಕೊಟ್ಟೀನಿ, ನೆನಪಿಟಗೋ, ಯವ್ವಾ.”

ಅವಳ ಕಣ್ಣುಗಳು ತುಂಬಿ ಬಂದವು. ಕುಸ್ತಿಯ ಕೊನೆಯ ಭಾಗವನ್ನು ಅವಳು ಕಂಡಳೋ ಇಲ್ಲವೋ ಅರಿಯೆನು.

ಹದಿನೆಂಟು ನಿಮಿಷಗಳಾದ ಮೇಲೂ ಯಾರ ಬೆನ್ನೂ ನೆಲಕ್ಕೆ ತಾಗಲಿಲ್ಲ. ಪಂಚರು ಒಳಗೆ ಬಂದು ಬಿಡಿಸಿ, ಇಬ್ಬರ ಕೈಗಳನ್ನೂ ಒಟ್ಟಿಗೆ ಮೇಲೆತ್ತಿದರು. “ಜೋಡಿ ಸಮ ಆಗ್ಯಾದ!” ಎಂದು ಧ್ವನಿವರ್ಧಕವು ಸಾರಿತು. ಜನರಿಗೆ ನಿರಾಸೆ. ನಮ್ಮ ಮನೆಯ ಗೋಡೆಗೆ ಒರಗಿ ನಿಂತಿದ್ದ ಒಬ್ಬನು, “ಹೊಸಾ ಮದವಿ, ಇನ್ನೇನಾಗತದ...” ಎಂದು ಆರಂಭಿಸಿದನು.

ಆಯಿ ಗೋಡೆಯ ಅಂಚಿಗೆ ಬಂದು ನಿಂತರು.

“ಯಾವನಾಂವ? ಮ್ಯಾಲ ಬಾ! ನಿನ್ನ ಹೆಣ್ತಿನೂ ಕರಕೊಂಡು ಬಾ! ನೀ ಎಷ್ಟು ಕುಸ್ತಿ ಗೆದ್ದಿ ಅಂತ ಆಕೀನ್ನೇ ಕೇಳೂಣು!”

ಕೆಳಗೆ ನೂರಾರು ಜನರ ನಗು ಸಿಡಿಯಿತು. ಆ ಮನುಷ್ಯನು ಯಾವ ಸಂದಿಯಲ್ಲಿ ಮಾಯವಾದನೋ ತಿಳಿಯದು. ವಿಜಯನಗರದ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ೧೬ನೆಯ ಶತಮಾನದ ಪೋರ್ಚುಗೀಜ್ ಕುದುರೆ ವ್ಯಾಪಾರಿ ನೂನಿಜನು ಬರೆದಿಟ್ಟಿದ್ದಾನೆ. ಅದನ್ನು ಉತ್ಪ್ರೇಕ್ಷೆಯೆಂದು ನಾನು ಹಿಂದೆ ಭಾವಿಸಿದ್ದುಂಟು. ಆ ಸಂಶಯ ಕೊಳಕೂರಿನ ಮಾಳಿಗೆಯ ಮೇಲೆ ತೀರಿತು. ಅನಂತರ ಊರಿನಲ್ಲಿ ಯಾರೂ ಹೊಸ ಮದುವೆಯ ಮಾತೆತ್ತಲಿಲ್ಲ. ಆಯಿ ಎತ್ತಿದ ಪ್ರಶ್ನೆಗೆ ತಮ್ಮ ತಮ್ಮ ಮನೆಯ ಉತ್ತರವೇನೆಂಬ ಚಿಂತೆಯೇ ಬಹುಶಃ ಸಾಕಾಗಿತ್ತು.

ಸಂಜೆ ಉಸ್ತಾದರು ಶಿಷ್ಯನನ್ನು ಗರಡಿಮನೆಗೆ ಕರೆದೊಯ್ಯಲು ಬಂದರು. ಆಯಿ ಅವರನ್ನು ಆದರದಿಂದ ಕೂಡಿಸಿ, ಹೋಳಿಗೆ ತುಪ್ಪ ಬಡಿಸಿ, ಹುಡುಗನು ಇನ್ನು ಮೇಲೆ ಹಗಲು ಗರಡಿಯಲ್ಲಿಯೂ ರಾತ್ರಿ ಮನೆಯಲ್ಲಿಯೂ ಇರುವನೆಂದು ತಿಳಿಸಿದರು. ಉಸ್ತಾದರು ಮುತ್ಯಾನ ಮುಖ ನೋಡಿದರು. ಮುತ್ಯಾ ತಮ್ಮ ಮಂದ ಕಿವಿಯನ್ನು ಮುಂದೆ ಮಾಡಿದರು. ಉಸ್ತಾದರು ಇನ್ನೆರಡು ಹೋಳಿಗೆ ತಿಂದು, ಒಬ್ಬರೇ ಹಿಂದಿರುಗಿದರು.

ಊಟ ಮುಗಿದ ಮೇಲೆ ಕೈ ತೊಳೆಯಲು ಹೊರಟಾಗ, ಪಡಸಾಲೆಯ ಬಾಗಿಲಲ್ಲಿ ವರನು ಹೆಂಡತಿಯೆದುರು ನಿಂತು ಏನನ್ನೋ ಕೇಳುತ್ತಿದ್ದುದು ನನಗೆ ಕಾಣಿಸಿತು. ಮಾತು ಕೇಳಿಸಲಿಲ್ಲ. ಅಜ್ಜನ ಮೊಮ್ಮಗನಾದುದರಿಂದ ಪ್ರಶ್ನೆ ಯಾವುದಿದ್ದೀತೆಂದು ಊಹಿಸಬಲ್ಲೆನು. ಅವಳು ತಲೆ ತಗ್ಗಿಸಿ ನಕ್ಕು, ಬೆಳ್ಳಿಯ ಖಡೆ ಜಾರುತ್ತಿದ್ದ ಕೈಯನ್ನು ಮುಂದೆ ಚಾಚಿದಳು.

ಕುಸ್ತಿಯಲ್ಲಿ ಜೋಡಿ ಸಮವಾದರೆ ನೋಡಬಂದವರಿಗೆ ಬೇಸರ, ಆಡಿದವರಿಗೆ ಕೊರತೆ, ಒಬ್ಬನು ಸೋಲಲೇಬೇಕು. ಇನ್ನೊಂದು ಆಟದಲ್ಲಿ ಒಬ್ಬರು ಗೆದ್ದು ಒಬ್ಬರು ಸೋತರೆ ಇಬ್ಬರೂ ಸೋತಂತೆಯೇ. ಅಲ್ಲಿ ಜೋಡಿ ಸಮವಾಗುವುದೇ ಬೆಳ್ಳಿಯ ಖಡೆ. ಮಾಳಿಗೆಯ ಮೇಲೆ ಹಾಸಿದ್ದ ಕೌದಿಯ ಮೇಲೆ ಮಲಗಿ ನಾನು ಹೀಗೆ ಯೋಚಿಸುತ್ತಿದ್ದೆನು. ಧ್ವನಿವರ್ಧಕವನ್ನು ಬಿಚ್ಚಿ ಬಂಡಿಗೆ ಹೇರಿಕೊಂಡು ಹೋಗಿದ್ದರು. ಜಾತ್ರೆಯ ದೀಪಗಳು ಒಂದೊಂದಾಗಿ ಆರಿದವು. ಕೆಳಗಿನ ಕೋಣೆಯಲ್ಲಿ ಯಾವುದೋ ಲೋಹ ನೆಲಕ್ಕೆ ತಾಗಿ ಉರುಳಿದ ಸದ್ದಾಯಿತು. ಬಳಿಕ ಇಬ್ಬರು ಒಟ್ಟಿಗೆ ನಕ್ಕದ್ದು.

ಆ ಅಖಾಡಕ್ಕೆ ಪಂಚರಿಲ್ಲ, ಪ್ರೇಕ್ಷಕರಂತೂ ಇರಲೇಕೂಡದು. ನಾನು ಕೌದಿಯನ್ನು ಕಿವಿಯ ಮೇಲೆಳೆದುಕೊಂಡು ಮಗ್ಗುಲು ಬದಲಿಸಿದೆನು.